ಹೂವೆರಚಿದ ಬೆಳಗು: ಹೈದರಾಬಾದಿನ ವಿವೇಕ ಸವೆದಿದೆಯೇ?

ಬೀದರ್, ಕಲಬುರಗಿ, ರಾಯಚೂರಿನ ಹಳಬರಿಗೆ ಹೈದರಾಬಾದ್ ಪರ ಊರಲ್ಲ. 1956ರವರೆಗೆ ಅವರ ರಾಜಧಾನಿಯೂ ಅದೇ. ಕಾಯಿಲೆ ಬಿಗಡಾಯಿಸಿದರೆ ಈಗಲೂ ಗಾಡಿ ಹೊರಳುವುದು ಅತ್ತಲೇ. ಆ ಊರಿನ ತೆಹಜೀಬ್, ದನಿಯೇರಿಸದ ಮಾತು, ಎದುರಿಗಿದ್ದವರನ್ನು ಆಪ್ ಎಂದು ಕರೆಯುವ ಅದಬು, ಇವೆಲ್ಲದರ ಕಥೆ ಹೇಳಿ ಮುಗಿಸುವಾಗ ‘ಈಗೆಲ್ಲಿ ಅದೆಲ್ಲ’ ಎಂದು ನಿಟ್ಟುಸಿರಿಡುವುದು ವಾಡಿಕೆ. ಸಭ್ಯತೆ, ಹೊಣೆಗಾರಿಕೆ, ವಿವೇಕ ಅಲ್ಲಿ ನಿಜಕ್ಕೂ ಕುಸಿದಿವೆಯೇ?

ಪರ: ಕುಸಿದಿವೆ, ಅನುಮಾನ ಬೇಡ

2019ರ ನವೆಂಬರ್ 27ರ ರಾತ್ರಿ ಶಂಷಾಬಾದ್ ಬಳಿಯ ಟೋಲ್ ಗೇಟ್ ಹತ್ತಿರ ಯುವ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ಎಸಗಿ ಕೊಂದರು. ಶವವನ್ನು ಚಟಾನ್‌ಪಲ್ಲಿಯ ಸೇತುವೆಯಡಿ ಸುಟ್ಟರು. ಮನೆಯವರು ಆ ರಾತ್ರಿ ದೂರು ಹಿಡಿದು ಹೋದಾಗ, ಇದು ಯಾವ ಠಾಣೆಯ ಸರಹದ್ದು ಎಂಬ ಚರ್ಚೆಯಲ್ಲೇ ಹೊತ್ತು ಹೋಯಿತು; ಆಮೇಲೆ ಮೂವರು ಪೊಲೀಸರು ಅಮಾನತಾದರು. ಆಕೆ ತಂಗಿಗೆ ಫೋನ್ ಮಾಡುವ ಬದಲು 100ಕ್ಕೆ ಮಾಡಬೇಕಿತ್ತು ಎಂದು ಗೃಹಮಂತ್ರಿಯಾಗಿದ್ದ ಮಹಮೂದ್ ಅಲಿ ಹೇಳಿದರು. ಸತ್ತವಳ ಮೇಲೇ ಹೊಣೆ ಹೊರಿಸಿದ್ದಾಯಿತು.

ಡಿಸೆಂಬರ್ 6ರ ನಸುಕಿನಲ್ಲಿ ಅದೇ ಚಟಾನ್‌ಪಲ್ಲಿಯಲ್ಲಿ ನಾಲ್ವರು ಆರೋಪಿಗಳೂ ಪೊಲೀಸರ ಗುಂಡಿಗೆ ಸತ್ತರು. ಬೆಳಕು ಹರಿದ ಮೇಲೆ ಜನ ಜಾತ್ರೆಯಂತೆ ಬಂದರು. ಪೊಲೀಸರ ಮೇಲೆ ಹೂವಿನೆಸಳು ಎರಚಿದರು, ಸಿಹಿ ತಿನ್ನಿಸಿದರು, ಹೆಂಗಸರು ರಾಖಿ ಕಟ್ಟಿದರು. ಆಗ ಸೈಬರಾಬಾದಿನ ಪೊಲೀಸ್ ಕಮಿಷನರ್ ಆಗಿದ್ದ ವಿ.ಸಿ. ಸಜ್ಜನರ ಹುಬ್ಬಳ್ಳಿಯವರು, ಸಂಭ್ರಮ ಅಲ್ಲಿಗೂ ತಲುಪಿತು. ನೆರೆಮನೆಯ ಗದ್ದಲ ಎಂದು ಕನ್ನಡಿಗರು ಕೈತೊಳೆದುಕೊಳ್ಳುವಂತಿಲ್ಲ.

ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪೂರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಯಲಾಯಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಮಂದಿ ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು, ಸತ್ತ ನಾಲ್ವರಲ್ಲಿ ಮೂವರಿಗೆ ಹದಿನೆಂಟು ತುಂಬಿರಲಿಲ್ಲ ಎಂದಿತು ಅದು. ಹೂವೆರಚಿದವರಲ್ಲಿ ಎಷ್ಟು ಜನ ಈ ವರದಿಯ ಸುದ್ದಿಯನ್ನಾದರೂ ಓದಿದರೋ!

ಇದೇ ಊರಿನ 1978ರ ಮಾರ್ಚ್ ನೆನಪಿಸಿಕೊಳ್ಳಬೇಕು. ನಲ್ಲಕುಂಟ ಠಾಣೆಯಲ್ಲಿ ಬಡ ಹೆಂಗಸೊಬ್ಬಳ ಮೇಲೆ ಪೊಲೀಸರೇ ಅತ್ಯಾಚಾರ ಎಸಗಿದರು, ಪ್ರತಿಭಟಿಸಿದ ಆಕೆಯ ಗಂಡ, ರಿಕ್ಷಾ ತುಳಿಯುವವನು, ಹೊಡೆತಕ್ಕೆ ಸತ್ತ ಎಂಬ ಸುದ್ದಿ ಹಬ್ಬಿದಾಗ ಊರೇ ಬೀದಿಗಿಳಿಯಿತು. ಅಂದಿನ ಜನ ಲಾಠಿ ಹಿಡಿದವರನ್ನು ಕಟಕಟೆಗೆ ತನ್ನಿ ಎಂದು ಕೂಗಿದ್ದರು. ನಲವತ್ತೊಂದು ವರ್ಷ ಕಳೆದ ಮೇಲೆ ಅದೇ ಊರು ಕಟಕಟೆಯೇ ಬೇಡ ಎಂದು ಕುಣಿಯಿತು. ಕುಸಿತ ಅಂದರೆ ಇನ್ನೇನು?

2024ರ ಡಿಸೆಂಬರ್ 4ರ ರಾತ್ರಿ ಆರ್‌ಟಿಸಿ ಕ್ರಾಸ್‌ರೋಡ್ಸ್‌ನ ಸಂಧ್ಯಾ ಥಿಯೇಟರಿಗೆ ‘ಪುಷ್ಪ 2’ರ ನಾಯಕ ಅಲ್ಲು ಅರ್ಜುನ್ ಬಂದಾಗ ಕಾಲ್ತುಳಿತವಾಗಿ ತಾಯಿಯೊಬ್ಬಳು ಸತ್ತಳು, ಮಗ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ. ಪೊಲೀಸರು, ಥಿಯೇಟರಿನವರು, ನಾಯಕ ಒಬ್ಬರತ್ತ ಒಬ್ಬರು ಬೆರಳು ತೋರಿಸಿದರು. ಇನ್ನು ಬೆಳಗಿನ ಜಾವದ ವಿಶೇಷ ಪ್ರದರ್ಶನ ಇಲ್ಲ ಎಂದು ಗುಡುಗಿದ ಸರ್ಕಾರವೇ ಮರುತಿಂಗಳು ‘ಗೇಮ್ ಚೇಂಜರ್’ಗೆ ಅನುಮತಿ ಕೊಟ್ಟು, ಹೈಕೋರ್ಟ್ ಗದರಿದ ಮೇಲೆ ಹಿಂತೆಗೆದುಕೊಂಡಿತು. ಆರು ತಿಂಗಳಾಗುವಷ್ಟರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದೆದುರು ಹನ್ನೊಂದು ಜನ ಹಾಗೆಯೇ ಸತ್ತರು.

ವಿರೋಧ: ಹಳೆಯ ಕಾಲಕ್ಕೆ ಯಾಕಿಷ್ಟು ಸುಣ್ಣ ಬಳಿಯಬೇಕು?

1978ರ ಕಥೆಯನ್ನು ಪರ ವಾದಿಗಳು ಅರ್ಧಕ್ಕೇ ನಿಲ್ಲಿಸಿದ್ದಾರೆ. ಬೀದಿಗಿಳಿದ ಜನಕ್ಕೆ ಅಂದು ಸಿಕ್ಕಿದ್ದು ಗೋಲಿಬಾರು ಮತ್ತು ಕರ್ಫ್ಯೂ. ನ್ಯಾಯಮೂರ್ತಿ ಮುಕ್ತದರ್ ಆಯೋಗ ಪೊಲೀಸರು ತಪ್ಪಿತಸ್ಥರೆಂದಿತು. ಮೊಕದ್ದಮೆಯನ್ನು ನಮ್ಮ ರಾಯಚೂರಿಗೆ ವರ್ಗಾಯಿಸಿದರು. 1981ರಲ್ಲಿ ಅಲ್ಲಿನ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. ನ್ಯಾಯ ಕೇಳಿದವರ ಪಾಡು ಇದಾದ ಮೇಲೆ, ಚಟಾನ್‌ಪಲ್ಲಿಯ ಹೂವಿಗೆ ಇಂದಿನ ಪೀಳಿಗೆಯ ಅವಿವೇಕವೊಂದೇ ಕಾರಣ ಎಂದರೆ ಹೇಗೆ? ಆ ಬೇಸರ ದಶಕಗಳಿಂದ ಮಡುಗಟ್ಟಿದ್ದು.

‘ಎನ್‌ಕೌಂಟರ್’ ಕೂಡ ಮೊಬೈಲ್ ಯುಗದ ಹುಟ್ಟಲ್ಲ. ನಕ್ಸಲರ ಹೆಸರಿನಲ್ಲಿ ಆಂಧ್ರದಲ್ಲಿ ನಡೆದ ಇಂಥ ಸಾವುಗಳ ತನಿಖೆಗೆ 1977ರಲ್ಲೇ ನ್ಯಾಯಮೂರ್ತಿ ಭಾರ್ಗವ ಆಯೋಗ ಕೂತಿತ್ತು. ಇನ್ನೂ ಹಿಂದಕ್ಕೆ ಹೋದರೆ, ದೇವಡಿಗಳೊಳಗೆ ಅತ್ತರು ಪೂಸಿ ಆದಾಬ್ ಹೇಳುತ್ತಿದ್ದ ಕಾಲಕ್ಕೇ ತೆಲಂಗಾಣದ ಹಳ್ಳಿಗಳಲ್ಲಿ ಜಮೀನ್ದಾರ ದೊರೆಗಳ ವೆಟ್ಟಿ (ಬಿಟ್ಟಿ) ಚಾಕರಿ ನಡೆಯುತ್ತಿತ್ತು. ಆ ತೆಹಜೀಬ್ ಯಾರಿಗೆ ಸಲ್ಲುತ್ತಿತ್ತು ಎಂದು ಹೊಲದಲ್ಲಿ ದುಡಿದವರನ್ನು ಕೇಳಬೇಕಿತ್ತು.

ಹೂವೆರಚಿದ ದಿನವೇ ಇನ್ನೊಂದು ಕೆಲಸವೂ ಆಯಿತು. ಹೈದರಾಬಾದಿನ ಮಹಿಳಾ ಹಾಗೂ ನಾಗರಿಕ ಹಕ್ಕುಗಳ ಕಾರ್ಯಕರ್ತರು ಹೈಕೋರ್ಟಿಗೆ ಮನವಿ ಕೊಟ್ಟರು. ನಾಲ್ವರ ಶವಗಳನ್ನು ಕಾಯ್ದಿಡಲು ಕೋರ್ಟ್ ಅಂದೇ ಆದೇಶಿಸಿತು. ಮುಂದೆ ದೆಹಲಿಯ ಏಮ್ಸ್ ವೈದ್ಯರು ಎರಡನೇ ಮರಣೋತ್ತರ ಪರೀಕ್ಷೆ ಮಾಡಿದರು. ಊರೆಲ್ಲ ಜೈಕಾರ ಹಾಕುವಾಗ ಆ ಅರ್ಜಿ ಹಿಡಿದು ನಿಲ್ಲಲು ಎದೆಗಾರಿಕೆ ಬೇಕು. ಕ್ಯಾಮೆರಾ ಮಾತ್ರ ಹೂವಿನ ಕಡೆಗೇ ತಿರುಗಿತ್ತು.

ಸಂಧ್ಯಾ ಥಿಯೇಟರಿನ ಮಾತೂ ಅಷ್ಟೆ. ಕಾಲ್ತುಳಿತಕ್ಕಾಗಿ ಅಗ್ರ ನಾಯಕನೊಬ್ಬ ಬಂಧನಕ್ಕೊಳಗಾಗಿ, ಮಧ್ಯಂತರ ಜಾಮೀನು ಸಿಕ್ಕರೂ ಒಂದು ರಾತ್ರಿ ಚಂಚಲಗೂಡ ಜೈಲಿನಲ್ಲಿ ಕಳೆದದ್ದು ಎನ್‌ಟಿಆರ್ ಕಾಲದಲ್ಲಿ ಊಹೆಗೂ ನಿಲುಕದ ಸಂಗತಿ. ಬಂಧನ ಸರಿಯೋ ತಪ್ಪೋ ವಾದಿಸಬಹುದು; ಹೊಣೆ ಯಾರದು ಎಂಬ ಪ್ರಶ್ನೆಯಂತೂ ತಾರೆಯ ಮನೆ ಬಾಗಿಲವರೆಗೆ ಹೋಯಿತು.

ಆರು ವಾರ ಕಳೆದು, 2025ರ ಜನವರಿ 17ರ ರಾತ್ರಿ, ದಾನಿಯೊಬ್ಬರ ಹೃದಯವನ್ನು ಎಲ್.ಬಿ. ನಗರದಿಂದ ಲಕ್ಡಿಕಾಪುಲ್‌ಗೆ ಮೆಟ್ರೊದಲ್ಲಿ ಸಾಗಿಸಿದರು: 13 ಕಿಲೋಮೀಟರ್, 13 ನಿಮಿಷ. ದುಃಖದ ನಡುವೆಯೂ ಒಪ್ಪಿಗೆ ಕೊಟ್ಟ ಮನೆಯವರು ಇದೇ ಕಾಲದವರು, ಇದೇ ಸಮಾಜದವರು.

ವಿವೇಕಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ 2023ರದು. ಗಣೇಶ ನಿಮಜ್ಜನ ಮತ್ತು ಮಿಲಾದ್ ಎರಡೂ ಸೆಪ್ಟೆಂಬರ್ 28ರಂದೇ ಬಂದವು. 1990ರ ಡಿಸೆಂಬರಿನ ಗಲಭೆಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಊರಿದು. ಎರಡು ಮೆರವಣಿಗೆ ಒಂದೇ ಬೀದಿಗೆ ಬಂದರೆ ಏನಾದೀತೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮಿಲಾದ್ ಜುಲೂಸ್ ನಡೆಸುವವರೇ ಮುಂದೆ ಬಂದು ತಮ್ಮ ಮೆರವಣಿಗೆಯನ್ನು ಅಕ್ಟೋಬರ್ 1ಕ್ಕೆ ಮುಂದೂಡಿದರು. ಮರುವರ್ಷವೂ ದಿನಗಳು ಹತ್ತಿರ ಬಂದಾಗ ಸೆಪ್ಟೆಂಬರ್ 19ಕ್ಕೆ ಸರಿಸಿದರು.

ಪರ ವಾದಿಗಳು ಇದನ್ನು ಒಪ್ಪುತ್ತಾರೆ, ಒಪ್ಪಿ ಒಂದು ಪ್ರಶ್ನೆ ಹಾಕುತ್ತಾರೆ: ಆಯೋಗ ಹೇಳಿದ ಆ ಹತ್ತು ಮಂದಿಯ ವಿಚಾರಣೆ ಏನಾಯಿತು? ವಿರೋಧಿಗಳು ಇಲ್ಲಿ ತಡವರಿಸುತ್ತಾರೆ. ಸುಪ್ರೀಂ ಕೋರ್ಟ್ 2022ರಲ್ಲೇ ವಿಷಯವನ್ನು ತೆಲಂಗಾಣ ಹೈಕೋರ್ಟಿಗೆ ಕಳಿಸಿತು. 2024ರ ಮೇ ತಿಂಗಳಲ್ಲಿ ಅದೇ ಹೈಕೋರ್ಟಿನಿಂದ ಅಧಿಕಾರಿಗಳಿಗೆ ತಡೆಯಾಜ್ಞೆ ಸಿಕ್ಕಿತು.