ನಾಯಿಗೆ ಹಸಿ ಲಿವರ್ ಹಾಕಬಹುದೆ?

ಪರ
ಲಿವರ್ ಇಲ್ಲದ ಊಟ ಊಟವೇ ಅಲ್ಲ
(ಮೈಸೂರಿನಲ್ಲಿ ಮೂರು ನಾಯಿ ಸಾಕಿರುವ ನಿವೃತ್ತ ಶಿಕ್ಷಕಿ)

ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಬೀದಿ ತುದಿಯ ಮಟನ್ ಅಂಗಡಿಯ ಮುಂದೆ ನಿಂತರೆ ಮೊದಲು ಬರುವ ಪ್ರಶ್ನೆ, "ಮನೇಗಾ ಅಮ್ಮಾ, ನಾಯಿಗಾ?" ಮೊದಮೊದಲು ನಿಜ ಹೇಳುತ್ತಿದ್ದೆ. "ನಾಯಿಗೆ" ಅಂದ ಕೂಡಲೇ ಅವರ ಕೈ ಕೊಕ್ಕೆಗೆ ತೂಗುಹಾಕಿದ ಮಾಲನ್ನು ಬಿಟ್ಟು ಮರದ ದಿಮ್ಮಿಯ ಕೆಳಗಿನ ಬಕೀಟಿಗೆ ಇಳಿಯುತ್ತಿತ್ತು. ಗಂಟಲ ಕೊಳವೆ, ಕೊಬ್ಬಿನ ಚೂರು, ಬಣ್ಣಗೆಟ್ಟ ಲಿವರ್. ಈಗ ಸುಳ್ಳು ಹೇಳುತ್ತೇನೆ. "ಮನೇಗೇ" ಅನ್ನುತ್ತೇನೆ. ಪೂರ್ತಿ ಸುಳ್ಳೇನೂ ಅಲ್ಲ, ನನ್ನ ಮೂರೂ ನಾಯಿಗಳು ಮನೆಯವೇ.

ಹಸಿ ಊಟದ ಲೆಕ್ಕ ನಾಯಿ ಸಾಕುವವರಿಗೆ ಹೊಸದೇನಲ್ಲ. ನೂರರಲ್ಲಿ ಎಂಬತ್ತು ಪಾಲು ಮಾಂಸ, ಹತ್ತು ಎಲುಬು, ಹತ್ತು ಒಳಾಂಗ. ಆ ಹತ್ತರಲ್ಲಿ ಅರ್ಧ ಲಿವರ್, ಉಳಿದದ್ದು ಕಿಡ್ನಿ, ಗುಲ್ಮ. ಗುಂಡಿಗೆ, ಕೋಳಿಯ ಕಂದನಕಾಯಿ ಇವು ಮಾಂಸದ ಲೆಕ್ಕಕ್ಕೇ ಸೇರುತ್ತವೆ. ಇದು ತಿಳಿಯದೆ ಬರೀ ಗುಂಡಿಗೆ ಹಾಕಿ "ನಾನೂ ಒಳಾಂಗ ಕೊಡ್ತೀನಿ" ಎಂದು ಬೀಗುವವರನ್ನು ಕಂಡಿದ್ದೇನೆ. ನಮ್ಮ ಕರಿಯ 24 ಕಿಲೋ ಇದ್ದಾನೆ. ಮೈತೂಕದ ನೂರಕ್ಕೆ ಎರಡೂವರೆ ಪಾಲು ಅಂದರೆ ದಿನಕ್ಕೆ 600 ಗ್ರಾಂ ಊಟ, ಅದರಲ್ಲಿ ಲಿವರ್ 30 ಗ್ರಾಂ. ಒಂದು ನಿಂಬೆಹಣ್ಣಿನಷ್ಟು. ಅಷ್ಟಕ್ಕೇ ಇಷ್ಟೊಂದು ಗಲಾಟೆ!

ಆ ನಿಂಬೆಹಣ್ಣಿನಷ್ಟರಲ್ಲಿ ಏನಿದೆ ಎಂದು ಕೇಳುವವರಿಗೆ ನಾನು ಜಾರ್ಜ್ ವಿಪಲ್ ಕತೆ ಹೇಳುತ್ತೇನೆ. ಅಮೆರಿಕದ ಈ ವೈದ್ಯ ನಾಯಿಗಳ ಮೈಯಿಂದ ರಕ್ತ ತೆಗೆದು, ಅವನ್ನು ರಕ್ತಹೀನವಾಗಿಸಿ, ಆಮೇಲೆ ಒಂದೊಂದು ಬಗೆಯ ಆಹಾರ ಕೊಟ್ಟು ಯಾವುದರಿಂದ ರಕ್ತ ಬೇಗ ಕೂಡುತ್ತದೆ ಎಂದು ಅಳೆದರು. ಕ್ರೂರ ಪ್ರಯೋಗ, ನಾನೇನು ಮೆಚ್ಚುವವಳಲ್ಲ. ಆದರೆ ಗೆದ್ದದ್ದು ಲಿವರ್. ಆ ಜಾಡು ಹಿಡಿದು ಮೈನಾಟ್ ಮತ್ತು ಮರ್ಫಿ ಎಂಬ ಇನ್ನಿಬ್ಬರು ವೈದ್ಯರು 1926ರಲ್ಲಿ, ಅಲ್ಲಿಯವರೆಗೆ ಸಾವೇ ಗತಿ ಎಂದಿದ್ದ ಒಂದು ಬಗೆಯ ರಕ್ತಹೀನತೆಯ ರೋಗಿಗಳಿಗೆ ದಿನವೂ ಲಿವರ್ ತಿನ್ನಿಸಿ ಬದುಕಿಸಿದರು. 1934ರಲ್ಲಿ ಮೂವರಿಗೂ ನೊಬೆಲ್ ಬಂತು. ಲಿವರಿನೊಳಗಿನ ಆ ಮಾಯದ ವಸ್ತು ಬಿ12 ಎಂದು ಬೇರ್ಪಡಿಸಿ ತೋರಿಸಲು 1948 ಆಗಬೇಕಾಯಿತು. ಅಂದರೆ ಏನು ಅಂತ ಹೆಸರಿಡುವುದಕ್ಕೆ ಮೊದಲೇ ಲಿವರ್ ತನ್ನ ಕೆಲಸ ಮಾಡಿತ್ತು. ಇವತ್ತು ನಾವು ಟಾನಿಕ್ ಬಾಟಲಿಯಲ್ಲಿ ಕೊಳ್ಳುವುದರ ಬೇರು ಅಂದಿನ ನಾಯಿಯ ತಟ್ಟೆಯಲ್ಲಿದೆ. ಆ ತಟ್ಟೆಯಿಂದ ಲಿವರನ್ನೇ ಎತ್ತಿಟ್ಟು ಮೊಸರನ್ನ ಬಡಿಸುವವರಿಗೆ ಏನು ಹೇಳಲಿ?

ಕರಿಯ ಮರಿಯಾಗಿ ರಸ್ತೆಯಲ್ಲಿ ಸಿಕ್ಕಾಗ ಮೈತುಂಬ ಉಣ್ಣಿ. ಒಸಡು ಎತ್ತಿ ನೋಡಿದರೆ ಸುಣ್ಣದ ಗೋಡೆ. ಹಸಿ ಲಿವರನ್ನು ಚಾಕುವಿನಲ್ಲಿ ಕೆರೆದು ಬೆರಳ ತುದಿಯಲ್ಲಿ ನೆಕ್ಕಿಸಿದೆ. ಬೇಯಿಸಿದ್ದನ್ನು ಮೂಸಿ ಮುಖ ತಿರುಗಿಸುತ್ತಿದ್ದವನು ಹಸಿಗೆ ಬೆರಳನ್ನೇ ಕಚ್ಚಿದ. ಮೂರು ವಾರದಲ್ಲಿ ಒಸಡು ಗುಲಾಬಿ. ಡಾಕ್ಟರು ಕೊಟ್ಟ ಮಾತ್ರೆಯೂ ನಡೆದಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಮಾತ್ರೆಯನ್ನೂ ಲಿವರಿನೊಳಗೆ ಹುದುಗಿಸಿಯೇ ನುಂಗಿಸಬೇಕಿತ್ತು.

ಆಕ್ಷೇಪಗಳು ನನಗೆ ಬಾಯಿಪಾಠ. ಎ ಜೀವಸತ್ವ ವಿಷವಾಗುತ್ತದಂತೆ. ಅದಕ್ಕೆ ಅಂಟಾರ್ಕ್ಟಿಕಾದ ಕತೆ ಹೇಳುತ್ತಾರೆ: ಅನ್ವೇಷಕ ಡಗ್ಲಸ್ ಮಾಸನ್ ಜೊತೆ ಹೋಗಿದ್ದ ಜೇವಿಯರ್ ಮರ್ಟ್ಸ್ 1913ರಲ್ಲಿ ಸತ್ತದ್ದು ಲಿವರ್ ತಿಂದು ಇರಬಹುದು ಎಂದು. ಸ್ವಾಮಿ, ಅಲ್ಲಿ ಮನುಷ್ಯ ನಾಯಿಯ ಲಿವರ್ ತಿಂದದ್ದು. ಇಲ್ಲಿ ನಾಯಿ ಕುರಿಯದನ್ನು ತಿನ್ನುತ್ತಿದೆ, ಅದೂ ನಿಂಬೆಹಣ್ಣಿನಷ್ಟು. ಅಳತೆ ತಪ್ಪಿದರೆ ಏನಾಗುತ್ತದೆ ಎಂದೂ ಬಲ್ಲೆ. ಮೊದಲ ತಿಂಗಳು ಪ್ರೀತಿ ಹೆಚ್ಚಾಗಿ ಬಟ್ಟಲು ತುಂಬ ಹಾಕಿದೆ, ಮೂರೂ ನಾಯಿಗಳಿಗೆ ಡಾಂಬರಿನಂಥ ಭೇದಿ. ಅಂಗಳ ತೊಳೆದವಳೂ ನಾನೇ. ತಕ್ಕಡಿ ತಂದದ್ದು ಆಮೇಲೆ.

ಇನ್ನು ಹುಳ. ಒಂದು ವಾರ ಫ್ರೀಜರಿನಲ್ಲಿಟ್ಟೇ ಕೊಡುತ್ತೇನೆ, ಮೂರು ತಿಂಗಳಿಗೊಮ್ಮೆ ತಪ್ಪದೆ ಹುಳದ ಮಾತ್ರೆ ಹಾಕುತ್ತೇನೆ. ರೋಗಾಣು ಅನ್ನುತ್ತೀರಾ? ಬೀದಿಯಲ್ಲಿ ಸತ್ತ ಹೆಗ್ಗಣ ಕಚ್ಚಿಕೊಂಡು ಬರುವ ಪ್ರಾಣಿಗೆ ನನ್ನ ಅಡುಗೆಮನೆಯ ರೋಗಾಣು ಯಾವ ಲೆಕ್ಕ! ಕತ್ತರಿಸುವ ಹಲಗೆ ಬೇರೆ, ಚಾಕು ಬೇರೆ, ಕೈಗೆ ಸೋಪು. ಬೆಂಗಳೂರಿಂದ ಮೊಮ್ಮಗಳು ಬಂದ ವಾರ ಮಾತ್ರ ಎಲ್ಲವನ್ನೂ ಕುದಿಸಿಯೇ ಹಾಕುತ್ತೇನೆ. ಎರಡು ವರ್ಷದ ಕೂಸು, ಕರಿಯನ ಬಾಯಿಗೇ ಬಾಯಿ ಇಡುತ್ತದೆ.

ತೋಳ ಬೇಟೆಯಾಡಿದರೆ ಮೊದಲು ಹೊಟ್ಟೆ ಸೀಳಿ ಒಳಾಂಗಕ್ಕೇ ಬಾಯಿ ಹಾಕುತ್ತದೆ. ಅದಕ್ಕೆ ಯಾವ ಪುಸ್ತಕವೂ ಕಲಿಸಲಿಲ್ಲ. ಮುಂದಿನ ಭಾನುವಾರ ನೀವೂ ಅಂಗಡಿಗೆ ಹೋಗಿ, 200 ಗ್ರಾಂ ಒಳ್ಳೆಯ ಲಿವರ್ ಕೊಳ್ಳಿ. ಮನೆಗೆ ಎಂದೇ ಹೇಳಿ.

ವಿರೋಧ
ತಕರಾರು ಲಿವರಿನ ಮೇಲಲ್ಲ
(ತುಮಕೂರು ಜಿಲ್ಲೆಯಲ್ಲಿ ಸೇವೆ ಮಾಡಿ ನಿವೃತ್ತರಾದ ಪಶುವೈದ್ಯ)

ಸಂಪಾದಕರು ನಿನ್ನೆ ಫೋನ್ ಮಾಡಿ, ನಾಳೆ ಸಂಜೆಯೊಳಗೆ ವಿರೋಧದ ಬರಹ ಬೇಕು ಎಂದರು. ಯಾವುದಕ್ಕೆ ವಿರೋಧ ಎಂದು ಕೇಳಿಕೊಳ್ಳಬೇಕಾಯಿತು, ಏಕೆಂದರೆ ನಮ್ಮ ಮನೆಯ ನಾಯಿಗೂ ವಾರಕ್ಕೆರಡು ಸಲ ಲಿವರ್ ಬೀಳುತ್ತದೆ. ಬೇಯಿಸಿದ್ದು. ಹಸಿಯ ವಿಚಾರ ಎಂದಾಗ ಒಪ್ಪಿಕೊಂಡೆ. ಹೇಳಬೇಕಾದ ಅಂಶಗಳನ್ನು ಹೇಳಿಬಿಡುತ್ತೇನೆ.

ಪೋಷಕಾಂಶ. ಕಬ್ಬಿಣ, ತಾಮ್ರ ಇವು ಲೋಹಗಳು, ಕುದಿಸಿದರೆ ಆವಿಯಾಗಿ ಹೋಗುವುದಿಲ್ಲ. ಬಿ ಗುಂಪಿನ ಜೀವಸತ್ವಗಳು ಒಂದಿಷ್ಟು ನೀರಿಗೆ ಇಳಿಯುತ್ತವೆ, ಆ ನೀರನ್ನೂ ಅನ್ನಕ್ಕೋ ಮುದ್ದೆಗೋ ಕಲಸಿ ಹಾಕಿದರಾಯಿತು.

ತೋಳದ ವಾದ. ನಾಯಿ ತೋಳದ ವಂಶವೇ ಹೌದು. ಆದರೆ ಮನುಷ್ಯನ ಹಟ್ಟಿಯಲ್ಲಿ ಸಾವಿರಾರು ವರ್ಷ ಇದ್ದು ಅದರ ಹೊಟ್ಟೆ ಬದಲಾಗಿದೆ. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದಂತೆ, ಪಿಷ್ಟ ಅರಗಿಸುವ ಜೀನ್ ನಾಯಿಯಲ್ಲಿ ತೋಳಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪ್ರತಿಗಳಲ್ಲಿದೆ. ನಮ್ಮ ಕಡೆ ಮುದ್ದೆ ತಿಂದೇ ಹದಿನಾಲ್ಕು ವರ್ಷ ಬದುಕಿದ ನಾಯಿಗಳನ್ನು ನೋಡಿದ್ದೇನೆ. ಬರೀ ಮುದ್ದೆ ಸಾಕು ಎನ್ನುತ್ತಿಲ್ಲ.

ತಾಮ್ರ. ಕೆಲವು ತಳಿಗಳು ಹೆಚ್ಚಾದ ತಾಮ್ರವನ್ನು ಹೊರಹಾಕಲಾರವು, ಅದು ಅವುಗಳ ಲಿವರಿನಲ್ಲೇ ಕೂಡಿ ಅದನ್ನು ಕೆಡಿಸುತ್ತದೆ. ಬೆಡ್ಲಿಂಗ್ಟನ್ ಟೆರಿಯರ್ ಇದಕ್ಕೆ ಹೆಸರಾದದ್ದು, ಆದರೆ ನಮ್ಮ ಊರುಗಳಲ್ಲಿ ತುಂಬಿರುವ ಲ್ಯಾಬ್ರಡಾರ್‌ಗಳಲ್ಲೂ ಈ ತೊಂದರೆ ಇದೆ. ಅಂಥ ನಾಯಿಗೆ ಬೇಯಿಸಿದ ಕುರಿ ಲಿವರೂ ಒಳ್ಳೆಯದಲ್ಲ. ಗಂಟಲ ಮಾಂಸದ ವಿಷಯವೂ ಇದೆ: ಥೈರಾಯ್ಡ್ ಗ್ರಂಥಿ ಅಂಟಿಕೊಂಡಿರುವ ತುಂಡನ್ನು ದಿನವೂ ಹಸಿಯಾಗಿ ತಿಂದ ನಾಯಿಗಳ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಏರಿ, ಊಟ ಬದಲಿಸಿದ ಮೇಲೆ ಇಳಿದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಸಾಲ್ಮೊನೆಲ್ಲಾ ಮುಂತಾದವನ್ನು ಎಲ್ಲರೂ ಬಲ್ಲಿರಿ. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಹಸಿ ಮಾಂಸ ಬೇಡ ಎಂಬ ನಿಲುವು ತಳೆಯಿತು.

ಇಷ್ಟು ಕರ್ತವ್ಯಕ್ಕಾಯಿತು. ಈಗ ನಾನು ನಿಜಕ್ಕೂ ಹೇಳಬೇಕೆಂದಿರುವುದು.

ಶಿರಾ, ಪಾವಗಡದ ಕಡೆ ಕುರಿ ಹೆಚ್ಚು. ಸತ್ತ ಕುರಿಯ ಶವಪರೀಕ್ಷೆಗೆ ಹೊಟ್ಟೆ ಬಿಡಿಸಿದಾಗ ಎಷ್ಟೋ ಸಲ ಲಿವರಿನ ಮೇಲೆ ಬೆಳ್ಳಗೆ ಉಬ್ಬಿದ ಗುಳ್ಳೆಗಳು ಕಾಣುತ್ತಿದ್ದವು. ಕೆಲವು ಬಟಾಣಿಯಷ್ಟು, ಕೆಲವು ನೆಲ್ಲಿಕಾಯಿಯಷ್ಟು. ಚಾಕುವಿನ ಮೊನೆ ತಾಗಿಸಿದರೆ ತಿಳಿನೀರು ಚಿಮ್ಮುತ್ತದೆ. ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಟ್ಟರೆ ತಳದಲ್ಲಿ ಸಣ್ಣ ಮರಳಿನಂತೆ ಏನೋ ಕೂರುತ್ತದೆ. ಅದಕ್ಕೆ ಹೈಡಾಟಿಡ್ ಮರಳು ಎಂದೇ ಹೆಸರು. ಅದರ ಒಂದೊಂದು ಕಣವೂ ನಾಯಿಯ ಹೊಟ್ಟೆ ಸೇರಿದರೆ ಒಂದೊಂದು ಲಾಡಿಹುಳು ಆಗಬಲ್ಲದು. ಲಾಡಿಹುಳು ಎಂದರೆ ಮಾರುದ್ದ ಎಂದುಕೊಳ್ಳಬೇಡಿ. ಇದು ಅರ್ಧ ಸೆಂಟಿಮೀಟರಿನ ಆಸುಪಾಸು. ಸಾವಿರಗಟ್ಟಲೆ ಇದ್ದರೂ ನಾಯಿ ಕುಣಿದಾಡಿಕೊಂಡೇ ಇರುತ್ತದೆ, ಮೈ ಮಿರಮಿರ ಮಿಂಚುತ್ತಿರುತ್ತದೆ. ಮೊಟ್ಟೆ ಮಲದಲ್ಲಿ ಬೀಳುತ್ತದೆ, ಕೂದಲಿಗೆ ಮೆತ್ತಿಕೊಳ್ಳುತ್ತದೆ, ನಾಯಿಯನ್ನು ಅಪ್ಪಿಕೊಂಡವರ ಕೈಗೆ ಬರುತ್ತದೆ. ಅಲ್ಲಿಂದ ಬಾಯಿಗೆ. ಕುರಿಯಲ್ಲಿ ಆದಂಥ ಗುಳ್ಳೆಯೇ ಆಮೇಲೆ ಮನುಷ್ಯನ ಲಿವರಿನಲ್ಲೋ ಶ್ವಾಸಕೋಶದಲ್ಲೋ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಒಳಗೇ ಒಡೆದರೆ ಜೀವಕ್ಕೇ ಅಪಾಯ. ಮಕ್ಕಳ ಬಗ್ಗೆ ಬೇರೆ ಹೇಳಬೇಕಿಲ್ಲ.

ಐಸ್‌ಲ್ಯಾಂಡಿನಲ್ಲಿ 19ನೆಯ ಶತಮಾನದಲ್ಲಿ ಈ ರೋಗ ಮನೆಮನೆಯ ಗೋಳಾಗಿತ್ತು. ಹಾರಾಲ್ಡ್ ಕ್ರಾಬ್ಬೆ ಎಂಬ ಡೆನ್ಮಾರ್ಕಿನ ವಿಜ್ಞಾನಿ 1863ರಲ್ಲಿ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿದರು. ಗುಳ್ಳೆಯಿರುವ ಒಳಾಂಗವನ್ನು ನಾಯಿಗೆ ಹಾಕಬೇಡಿ ಎಂದು ತಿಳಿಹೇಳುವ ಕಿರುಪುಸ್ತಿಕೆ ಅಲ್ಲಿ ಮನೆಮನೆಗೂ ಹೋಯಿತು. ಜನ ಓದಿದರು, ಕೇಳಿದರು. ಇವತ್ತು ಆ ದೇಶದಲ್ಲಿ ಈ ರೋಗ ಇಲ್ಲ. ನ್ಯೂಜಿಲೆಂಡ್ 1959ರಲ್ಲಿ ಹೈಡಾಟಿಡ್ ಕಾಯಿದೆಯನ್ನೇ ತಂದಿತು. ನಾಯಿಗೆ ಕುರಿಯ ಒಳಾಂಗವನ್ನು ಹಸಿಯಾಗಿ ಹಾಕುವುದಕ್ಕೆ ತಡೆ, ಮುಂದೆ ನಾಯಿಗಳಿಗೆ ಆರು ವಾರಕ್ಕೊಮ್ಮೆ ಹುಳದ ಔಷಧ. 2002ರಲ್ಲಿ ಅದೂ ಹೆಚ್ಚುಕಡಿಮೆ ರೋಗಮುಕ್ತ ಎಂದು ಸಾರಿತು. ಲಸಿಕೆಯೂ ಇಲ್ಲದೆ, ಹಸಿ ಒಳಾಂಗವನ್ನು ನಾಯಿಯಿಂದ ದೂರವಿಟ್ಟು, ಹುಳದ ಔಷಧ ಕೊಟ್ಟೇ ಒಂದು ರೋಗವನ್ನು ಇಷ್ಟರಮಟ್ಟಿಗೆ ಓಡಿಸಿದ್ದು ನನಗೆ ಇಂದಿಗೂ ಬೆರಗು.

ಆರು ವಾರ ಏಕೆ? ಹುಳು ಹೊಟ್ಟೆ ಸೇರಿದ ಸುಮಾರು ಆರೇಳು ವಾರಕ್ಕೆ ಮೊಟ್ಟೆ ಹಾಕಲು ತೊಡಗುತ್ತದೆ. ಮೂರು ತಿಂಗಳಿಗೊಮ್ಮೆ ಮಾತ್ರೆ ಹಾಕುವವರು ನಡುವೆ ಒಂದೂವರೆ ತಿಂಗಳು ಬಾಗಿಲು ತೆರೆದಿಟ್ಟಂತೆ. ಅಲ್ಲದೆ ಅಂಗಡಿಯ ಎಲ್ಲ ಹುಳದ ಮಾತ್ರೆಯೂ ಇದಕ್ಕೆ ನಾಟುವುದಿಲ್ಲ, ಅದರಲ್ಲಿ ಪ್ರಾಜಿಕ್ವಾಂಟೆಲ್ ಇರಬೇಕು. ಹಲವು ದಿನ ಗಟ್ಟಿಯಾಗಿ ಹೆಪ್ಪುಗಟ್ಟಿಸಿದರೆ ಗುಳ್ಳೆಯೊಳಗಿನ ಮರಿ ಸಾಯುತ್ತದೆ, ಇದನ್ನು ಒಪ್ಪಲೇಬೇಕು. ಚೆನ್ನಾಗಿ ಫ್ರೀಜ್ ಮಾಡಿದ್ದನ್ನು ಕೊಡುವವರೊಂದಿಗೆ ನನ್ನ ಜಗಳ ಅರ್ಧಕ್ಕರ್ಧ ಮುಗಿಯಿತು ಎಂದೇ ಇಟ್ಟುಕೊಳ್ಳಿ. ಸಾಲ್ಮೊನೆಲ್ಲಾ ಮಾತ್ರ ಫ್ರೀಜರಿಗೆ ಜಗ್ಗುವುದಲ್ಲ. ನಮ್ಮ ಊರಿನ ಕರೆಂಟನ್ನು ನಂಬಿ ಮಾಂಸ ಗಟ್ಟಿಯಾಗಿಯೇ ಇತ್ತು ಎನ್ನುವ ಧೈರ್ಯವೂ ನನಗಿಲ್ಲ. ಅರ್ಧ ಗಂಟೆ ಕುದಿಸುವುದೇ ಸುಲಭ.

ಅಷ್ಟಕ್ಕೂ ಮನೆಯಲ್ಲಿ ತೂಗಿ ಕೊಡುವವರಿಂದ ಆಗುವ ಅಪಾಯ ಕಡಿಮೆ. ದೊಡ್ಡ ಅಪಾಯ ಇರುವುದು ಅಂಗಡಿಯ ಬಕೀಟಿನಲ್ಲಿ, ಹಬ್ಬದ ದಿನ ಊರ ಹೊರಗೆ ಎಸೆಯುವ ರಾಶಿಯಲ್ಲಿ. ಮಟನ್ ಅಂಗಡಿಯವರಲ್ಲಿ, ಮನೆಯಲ್ಲೇ ಕುರಿ ಕೊಯ್ಯುವವರಲ್ಲಿ ನನ್ನದೊಂದು ಕೋರಿಕೆ: ನೀರುಗುಳ್ಳೆ ಕಂಡ ಲಿವರನ್ನು ಬೀದಿ ನಾಯಿಗೆ ಎಸೆಯಬೇಡಿ. ಸುಟ್ಟುಹಾಕಿ, ಇಲ್ಲವೆ ನಾಯಿ ಕೆದಕಲಾರದಷ್ಟು ಆಳಕ್ಕೆ ಹೂಳಿ.