ಜಾತಕ ಹತ್ತು ಮನೆಗೆ ಹೋಗಲಿ ಬಿಡಿ

ಒಂದು ಕಥೆಯನ್ನು ಒಮ್ಮೆಗೆ ಒಬ್ಬರಿಗೇ ಹೇಳಬೇಕಂತೆ. ಅವರು ಹೂಂ ಅಥವಾ ಊಹೂಂ ಅನ್ನೋವರೆಗೂ ಇನ್ನೊಬ್ಬರ ಆಫೀಸಿನ ಮೆಟ್ಟಿಲು ಹತ್ತಬಾರದಂತೆ. ಗಾಂಧಿನಗರದ ಕೆಲವರು ಇದಕ್ಕೆ ಮರ್ಯಾದೆ ಅಂತಾರೆ. ನಾನು ಪುಕ್ಕಟೆ ಅಡಮಾನ ಅಂತೀನಿ.

ವಾರವಿಡೀ ಕೋಡ್ ಬರೆದು ಶನಿವಾರ, ಭಾನುವಾರ ಚಿತ್ರಕಥೆ ಬರೆಯೋ ನಮ್ಮಂಥವರು ಬೆಂಗಳೂರಲ್ಲಿ ಕಡಿಮೆಯೇನಿಲ್ಲ. ಎರಡು ವರ್ಷ ಕೂತು ನೂರಿಪ್ಪತ್ತು ಪುಟ ಮಾಡಿರ್ತೀರಿ. ಹೀರೋ ಮ್ಯಾನೇಜರ್ ಒಬ್ಬರು ಓದ್ತೀನಿ ಅಂತಾರೆ. ಆಮೇಲೆ ಶೂಟಿಂಗು, ಆಮೇಲೆ ಆಷಾಢ, ಆಮೇಲೆ ಶಬರಿಮಲೆ. ನನ್ನ ಒಂದು ಕಥೆ ಹೀಗೇ ಒಂದು ಕಡೆ ಹನ್ನೊಂದು ತಿಂಗಳು ಕೂತಿತ್ತು. ಬೇರೆಯವರಿಗೆ ತೋರಿಸಲಾ ಅಂತ ಕೇಳಿದ್ದಕ್ಕೆ, "ನಮ್ಮ ಮೇಲೆ ನಂಬಿಕೆ ಇಲ್ವಾ ಸಾರ್?" ಅಂದರು. ಅಡ್ವಾನ್ಸ್ ಇಲ್ಲ, ಗಡುವಿಲ್ಲ, ಒಂದು ಸಾಲಿನ ಮೇಲ್ ಕೂಡ ಇಲ್ಲ. ಅದೇ ಟೇಬಲ್ ಮೇಲೆ ಬೇರೆಯವರ ಕಥೆಗಳ ರಾಶಿ ಬಿದ್ದಿತ್ತು. ಅವರು ಇಪ್ಪತ್ತು ಕಥೆ ಕೇಳಬಹುದು, ನಾವು ಇಬ್ಬರಿಗೆ ಹೇಳಬಾರದು!

ಮನೆಯಲ್ಲಿ ಮದುವೆ ವಯಸ್ಸಿನವರಿದ್ದರೆ ಜಾತಕ ಹತ್ತು ಕಡೆ ಹೋಗುತ್ತೆ. ಯಾರೂ ಬೇಜಾರು ಮಾಡಿಕೊಳ್ಳಲ್ಲ. ತಾಂಬೂಲ ಬದಲಾಯಿಸಿದ ಮೇಲೂ ಹನ್ನೊಂದನೇ ಮನೆಗೆ ಕಳಿಸಿದರೆ ಅದು ಮೋಸ. ಸಿನಿಮಾದಲ್ಲಿ ತಾಂಬೂಲ ಅಂದರೆ ಸಹಿ ಮತ್ತು ಅಡ್ವಾನ್ಸ್. ಅಲ್ಲಿವರೆಗೂ ಕಥೆ ನಿಮ್ಮದು. ಇದೇ ಊರಲ್ಲಿ ಪವನ್ ಕುಮಾರ್ ನೂರಕ್ಕೂ ಹೆಚ್ಚು ಜನರ ದುಡ್ಡು ಸೇರಿಸಿ 'ಲೂಸಿಯಾ' ಮಾಡಿ 2013ರಲ್ಲಿ ಬಿಡುಗಡೆ ಮಾಡಿದರು. ಅಷ್ಟು ಜನರ ಹತ್ತಿರ ಒಟ್ಟಿಗೇ ಹೋಗಿದ್ದು ಸರಿ, ನಾವು ಮೂವರ ಹತ್ತಿರ ಹೋದರೆ ತಪ್ಪು ಹೇಗೆ?

ಹಾಗಂತ ಬಸ್ ಸ್ಟ್ಯಾಂಡಲ್ಲಿ ಪಾಂಪ್ಲೆಟ್ ಹಂಚಿದ ಹಾಗೆ ಹಂಚಿ ಅಂತ ಹೇಳ್ತಿಲ್ಲ. ಬೇರೆ ಕಡೆಯೂ ಕೊಟ್ಟಿದ್ದೀನಿ ಅಂತ ಮೊದಲೇ ಹೇಳಿ. ಯಾರಿಗೆ ಅಂತ ಹೆಸರು ಹೇಳಬೇಕಿಲ್ಲ. ಒಬ್ಬನೇ ಹೀರೋನ ಮ್ಯಾನೇಜರಿಗೂ ಭಾಮೈದನಿಗೂ ಬೇರೆ ಬೇರೆಯಾಗಿ ಕೊಡಬೇಡಿ. ಅವರವರ ಜಗಳದಲ್ಲಿ ನಿಮ್ಮ ಕಥೆ ಸಾಯುತ್ತೆ. ಯಾರೂ ಕೇಳದೇ ಇರುವಾಗ "ದೊಡ್ಡ ಬ್ಯಾನರ್‌ನವರು ಕೇಳ್ತಿದ್ದಾರೆ" ಅಂತ ಬುರುಡೆ ಬಿಡಬೇಡಿ, ಗಾಂಧಿನಗರ ಬಹಳ ಸಣ್ಣದು. ಒಬ್ಬರ ಹತ್ತಿರ ಮಾತು ಮುಗಿದರೆ ಉಳಿದವರಿಗೆ ಅವತ್ತೇ ಫೋನ್ ಮಾಡಿ. ಇಬ್ಬರ ಹತ್ತಿರ ಅಡ್ವಾನ್ಸ್ ಇಸ್ಕೊಳ್ಳೋರ ಬಗ್ಗೆ ನಾನು ಮಾತಾಡ್ತಾನೇ ಇಲ್ಲ, ಅದು ಪೊಲೀಸರ ವಿಷಯ.

"ಹತ್ತು ಜನಕ್ಕೆ ಹೇಳಿದರೆ ಯಾರಾದರೂ ಕದೀತಾರೆ" ಅಂತ ಹೆದರಿಸ್ತಾರೆ. ಕದಿಯೋಕೆ ಒಬ್ಬ ಸಾಕು ಸ್ವಾಮಿ. ದೆಹಲಿಯ ನಾಟಕಕಾರ ಆರ್.ಜಿ. ಆನಂದ್ ತಮ್ಮ 'ಹಮ್ ಹಿಂದೂಸ್ತಾನಿ' ನಾಟಕವನ್ನು ನಿರ್ದೇಶಕ ಮೋಹನ್ ಸೆಹಗಲ್ ಎದುರು ಪೂರ್ತಿ ಓದಿ ಹೇಳಿದ್ದರು. 1956ರಲ್ಲಿ ಸೆಹಗಲ್ ಅವರ 'ನ್ಯೂ ಡೆಲ್ಲಿ' ಬಂತು. ಇದು ನನ್ನ ನಾಟಕ ಅಂತ ಆನಂದ್ ಕೋರ್ಟಿಗೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಅದನ್ನು ನೀವು ಹೇಳಿದ ರೀತಿಗೆ ಮಾತ್ರ ಇದೆ; ಈ ಸಿನಿಮಾ ಆ ನಾಟಕದ ನಕಲಲ್ಲ. ತೀರ್ಪು ಸರಿಯೋ ತಪ್ಪೋ, ಬರಹಗಾರರಿಗೆ ಕೆಲಸಕ್ಕೆ ಬರೋದು ಇಷ್ಟು: ಕಾಫಿ ಕುಡೀತಾ ಬಾಯಲ್ಲಿ ಹೇಳಿದ ಒನ್‌ಲೈನಿಗೆ ಕಾವಲಿಲ್ಲ. ಪೂರ್ತಿ ಬರೆದು, ಹೆಸರು, ತಾರೀಖು ಹಾಕಿ, ಮೇಲ್ ಮಾಡಿ. ಬಾಯಲ್ಲಿ ಒಬ್ಬರಿಗೆ ಹೇಳೋದಕ್ಕಿಂತ ಬರವಣಿಗೆಯಲ್ಲಿ ಐವರಿಗೆ ಕೊಡೋದೇ ಕ್ಷೇಮ.

ಹೆಸರಿನ ಮಾತು ಬಂತಲ್ಲ. ನಮ್ಮಜ್ಜಿ ಮನೆ ಶಿಕಾರಿಪುರ ತಾಲ್ಲೂಕಿನ ತಾಳಗುಂದ. ಅಲ್ಲಿ ಪ್ರಣವೇಶ್ವರ ದೇವಸ್ಥಾನದ ಎದುರು ಐದನೇ ಶತಮಾನದ ಕಂಬ ನಿಂತಿದೆ. ಓದಲು ಹೋದ ಕಂಚಿಯಲ್ಲಿ ಪಲ್ಲವರ ಅಶ್ವಾರೋಹಿಯ ಜೊತೆ ಜಗಳವಾಗಿ, ಮಯೂರಶರ್ಮ ದರ್ಭೆ ಬಿಟ್ಟು ಕತ್ತಿ ಹಿಡಿದ ಕಥೆ ಅದರಲ್ಲಿದೆ. ರಾಜಕುಮಾರ್ ಅವರ 'ಮಯೂರ' (1975) ದೇವುಡು ಅವರ ಕಾದಂಬರಿಯಿಂದ ಬಂತು, ಕಥೆಯ ಬೇರು ಮಾತ್ರ ಈ ಕಂಬದಲ್ಲಿದೆ. ಕೆರೆ ಕಟ್ಟಿಸಿದ ಕಾಕುಸ್ಥವರ್ಮನ ಹೆಸರೂ, ಆಳುತ್ತಿದ್ದ ಶಾಂತಿವರ್ಮನ ಹೆಸರೂ ಅಲ್ಲಿವೆ. ಕೊನೆಗೆ, ಈ ಕಾವ್ಯ ತನ್ನದು, ಇದನ್ನು ಕಲ್ಲಿನ ಮೇಲೆ ಬರೆದವನೂ ತಾನೇ ಅಂತ ಕುಬ್ಜ ಅನ್ನೋ ಕವಿ ತನ್ನ ಹೆಸರನ್ನೂ ಹಾಕಿದ್ದಾನೆ. ದುಡ್ಡು ಹಾಕಿದ ರಾಜನಿಗೆ ಅದರಿಂದ ಏನೂ ಕಡಿಮೆಯಾಗಲಿಲ್ಲ. ನಮ್ಮ ಪೋಸ್ಟರುಗಳಲ್ಲಿ ಬರಹಗಾರನ ಹೆಸರು ಭೂತಕನ್ನಡಿ ಹಿಡಿದರೂ ಸಿಗಲ್ಲ. ಹೆಸರೂ ಹಾಕದ, ಕಾಸೂ ಬಿಚ್ಚದ ಜಾಗಕ್ಕೆ ಪಾತಿವ್ರತ್ಯ ಮಾತ್ರ ನಮ್ಮ ಕಡೆಯಿಂದ ಬೇಕಂತೆ.

ಕಾಯಿಸಬೇಕಾ? ಕಾಯಿಸಲಿ. ಆರು ವಾರಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು, ಅಷ್ಟು ದಿನ ಬೇರೆ ಯಾರಿಗೂ ತೋರಿಸಬೇಡಿ ಅಂತ ಬರೆದುಕೊಳ್ಳಲಿ. ಸೈಟಿಗೆ ಟೋಕನ್ ಅಡ್ವಾನ್ಸ್ ಕೊಡಲ್ವಾ, ಹಾಗೆ.

ಈಗ ನನ್ನ ಹೊಸ ಚಿತ್ರಕಥೆ ಮೂರು ಕಡೆ ಇದೆ, ಮೂವರಿಗೂ ಅದು ಗೊತ್ತಿದೆ. ಒಬ್ಬರು ಸಿಟ್ಟಾಗಿ ವಾಪಸ್ ಕಳಿಸಿದರು, ಅವರ ಜಾಗಕ್ಕೆ ನಾಲ್ಕನೆಯವರು ಬಂದರು. ಇನ್ನೊಬ್ಬರು ದಸರಾವರೆಗೆ ಯಾರಿಗೂ ಕೊಡಬೇಡಿ ಅಂದಿದ್ದಾರೆ. ಅದಕ್ಕೆ ಎಷ್ಟು ಕೊಡ್ತೀರಿ ಅಂತ ಮೇಲ್ ಹಾಕಿದ್ದೀನಿ.