ಹಿತ್ತಲ ಬಾಗಿಲು: ಬೆಕ್ಕಿರುವ ಮನೆಗೆ ಕೋಳಿ ಬಂದರೆ

ಅರಸೀಕೆರೆ ಕಡೆಯ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. "ನಮ್ಮೂರ ಹತ್ತಿರ ಒಂದು ಮೊಟ್ಟೆ ಫಾರಂ ಇದೆ. ಮೊಟ್ಟೆ ಕಡಿಮೆಯಾದ ಕೋಳಿಗಳನ್ನು ಲಾರಿಗೆ ತುಂಬಿ ಕಳಿಸುತ್ತಾರೆ. ಅದನ್ನು ನೋಡಿ ನನ್ನ ಮಗ ಅಳುತ್ತಾ ಮನೆಗೆ ಬಂದ. ಎರಡು ಮೂರನ್ನಾದರೂ ತಂದು ಸಾಕೋಣ ಅಂತ ಅವನ ಹಟ. ಆದರೆ ನಮ್ಮ ಮನೆಯಲ್ಲಿ ಎರಡು ಬೆಕ್ಕಿವೆ. ಲಾರಿಯಿಂದ ಇಳಿಸಿ ಬೆಕ್ಕಿನ ಬಾಯಿಗೆ ಕೊಟ್ಟ ಪಾಪ ನನಗೇಕೆ? ನೀವೇನು ಹೇಳುತ್ತೀರಿ?"

ಈ ಕಾಗದ ಓದಿ ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಇದೇ ಪ್ರಶ್ನೆ 2023ರ ಕಾರ್ತಿಕ ಮಾಸದಲ್ಲಿ ನಮ್ಮ ಮನೆಗೂ ಬಂದಿತ್ತು. ನಮ್ಮಲ್ಲೂ ಎರಡು ಬೆಕ್ಕು. ಕರಿಯ ಅನ್ನುವ ಗಂಡು, ಪುಟ್ಟಿ ಅನ್ನುವ ಹೆಣ್ಣು. ಆಗ ನಾನು ಮಾಡಿದ್ದರಲ್ಲಿ ಸರಿಯೂ ಇದೆ, ತಪ್ಪೂ ಇದೆ. ಎರಡನ್ನೂ ಮುಚ್ಚಿಡದೆ ಹೇಳುತ್ತೇನೆ, ಕೇಳಿ.

ನಮ್ಮ ಊರಾಚೆಯ ಫಾರಂ ಒಂದು ಕೋಳಿಗಳನ್ನು ಖಾಲಿ ಮಾಡುತ್ತಿತ್ತು. ನಮ್ಮ ಯಜಮಾನರು ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋದವರು, ಸಂಜೆ ರಟ್ಟಿನ ಡಬ್ಬದಲ್ಲಿ ನಾಲ್ಕು ಕೋಳಿ ಹಿಡಿದು ಬಂದರು. "ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ ಕಣೆ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ಇನ್ನು ಮುಂದಿನದು ಯಾರ ತಲೆಗೆ, ನಿಮಗೇ ಗೊತ್ತಲ್ಲ!

ಡಬ್ಬ ತೆರೆದು ನೋಡಿದರೆ ಕರುಳು ಚುರ್ ಎಂದಿತು. ಕುತ್ತಿಗೆಯಲ್ಲಿ ಗರಿಯಿಲ್ಲ. ಜುಟ್ಟು ಬಿಳಿಚಿಕೊಂಡು ಒಂದು ಕಡೆಗೆ ಜೋತುಬಿದ್ದಿದೆ. ಕೊಕ್ಕಿನ ತುದಿ ಕತ್ತರಿಸಿದ್ದಾರೆ. ಉಗುರು ಉದ್ದವಾಗಿ ಬೆಳೆದಿದೆ. ಅಂಗಳದಲ್ಲಿ ಇಳಿಸಿದರೆ ಇಳಿಸಿದ ಜಾಗದಲ್ಲೇ ನಿಂತವು, ಒಂದು ಹೆಜ್ಜೆ ಮುಂದಿಡಲಿಲ್ಲ. ನಮ್ಮ ಅತ್ತೆ ಕಂಬಕ್ಕೊರಗಿ ಕುಳಿತು ನೋಡುತ್ತಿದ್ದವರು, "ಏನಮ್ಮಾ ಇದು, ಇವಕ್ಕೆ ಮಣ್ಣು ಅಂದ್ರೇನು ಅಂತ್ಲೇ ಗೊತ್ತಿಲ್ವಲ್ಲ!" ಎಂದರು.

ಅವರ ಮಾತು ನಿಜ. ಫಾರಂ ಕೋಳಿ 18–20 ವಾರಕ್ಕೆ ಮೊಟ್ಟೆಯಿಡಲು ತೊಡಗುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ 300 ಮೊಟ್ಟೆ. ಇಷ್ಟನ್ನೂ ಅದು ತಂತಿಯ ಗೂಡಿನಲ್ಲಿ, ಒಂದು ದೊಡ್ಡ ಕಾಗದದ ಹಾಳೆಯಷ್ಟೂ ಇಲ್ಲದ ಜಾಗದಲ್ಲಿ ನಿಂತೇ ಇಡುತ್ತದೆ. ಸುಮಾರು 72ರಿಂದ 80 ವಾರವಾದಾಗ ಮೊಟ್ಟೆ ಇಳಿಯುತ್ತದೆ, ಮೇವಿನ ಖರ್ಚು ಗಿಟ್ಟುವುದಿಲ್ಲ. ಆಗ ಲಾರಿ ಬರುತ್ತದೆ. ಚೆನ್ನಾಗಿ ನೋಡಿಕೊಂಡರೆ ಐದಾರು ವರ್ಷ ಬದುಕಬಲ್ಲ ಜೀವ ಅದು. ಬ್ರಿಟನ್ನಿನಲ್ಲಿ ಇಂಥ ಕೋಳಿಗಳನ್ನು ಫಾರಂನಿಂದ ಪಡೆದು ಮನೆಗಳಿಗೆ ಕೊಡುವುದಕ್ಕೆಂದೇ 2005ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಈಗ ಅದರ ಹೆಸರು ಬ್ರಿಟಿಷ್ ಹೆನ್ ವೆಲ್‌ಫೇರ್ ಟ್ರಸ್ಟ್. ಆದ್ದರಿಂದ ಸೋದರಿ, ನಿಮ್ಮ ಮಗನ ಹಟ ಹುಚ್ಚಲ್ಲ.

ನನ್ನ ಮಗಳು ಗೋವಿನ ಹಾಡಿನ ಹಸುಗಳನ್ನು ನೆನೆದು ನಾಲ್ಕಕ್ಕೂ ಹೆಸರಿಟ್ಟಳು: ಗಂಗೆ, ಗೌರಿ, ತುಂಗೆ, ಭದ್ರೆ. ಹೆಸರಿಟ್ಟ ಮೇಲೆ ಇನ್ನೇನು, ಮನೆಯವರೇ ಆದರಲ್ಲ!

ಈಗ ಬೆಕ್ಕಿನ ವಿಷಯ. ಬೆಕ್ಕು ಮರಿಗಳನ್ನು ಖಂಡಿತ ಬಿಡುವುದಿಲ್ಲ. ಆದರೆ ಬೆಳೆದ ಕೋಳಿಯ ಮಾತು ಬೇರೆ. ಒಂದೂವರೆ ಕಿಲೋ ತೂಗುವ, ರೆಕ್ಕೆ ಬಡಿದು ಎದುರು ನಿಲ್ಲುವ ಕೋಳಿಯ ತಂಟೆಗೆ ಮನೆ ಬೆಕ್ಕು ಸಾಮಾನ್ಯವಾಗಿ ಹೋಗುವುದಿಲ್ಲ. ಅಪಾಯ ಬರುವುದು ಕೋಳಿ ಹೆದರಿ ಓಡಿದಾಗ. ಓಡುವುದನ್ನು ಕಂಡರೆ ಅಟ್ಟುವುದು ಬೆಕ್ಕಿನ ಹುಟ್ಟುಗುಣ. ಫಾರಂನಿಂದ ಬಂದವು ಎಲ್ಲಕ್ಕೂ ಹೆದರುತ್ತವೆ, ಕಾಲಲ್ಲಿ ಶಕ್ತಿಯಿಲ್ಲ, ಮೈಮೇಲೆ ಗರಿಯಿಲ್ಲ. ಆದ್ದರಿಂದ ಮೊದಲ ದಿನವೇ ಮುಖಾಮುಖಿ ಮಾಡಿಸಬಾರದು.

ನಾವು ಮಾಡಿದ್ದು ಹೀಗೆ. ಮೊದಲ ವಾರ ಕೋಳಿಗಳು ಹಿತ್ತಲಿನ ಜಗಲಿಯಲ್ಲಿ, ತಂತಿ ಬಲೆಯ ಗೂಡಿನೊಳಗೆ. ಬೆಕ್ಕುಗಳು ಹೊರಗೆ. ನೋಡಲಿ, ಮೂಸಲಿ, ಮುಟ್ಟಲಾಗದು. ಬೆಕ್ಕಿಗೆ ಹಾಲು ಅನ್ನ ಹಾಕಿ ಹೊಟ್ಟೆ ತುಂಬಿಸಿದ ಮೇಲೆಯೇ ಕೋಳಿಗೆ ಮೇವು. ಪುಟ್ಟಿ ಎರಡೇ ದಿನಕ್ಕೆ ಬೇಸರಪಟ್ಟು ಒಲೆಯ ಬಳಿ ಹೋಗಿ ಮಲಗಿದಳು. ಕರಿಯ ಮಾತ್ರ ಹೊಟ್ಟೆ ನೆಲಕ್ಕಂಟಿಸಿ, ಬಾಲದ ತುದಿ ಅಲ್ಲಾಡಿಸುತ್ತಾ ಗಂಟೆಗಟ್ಟಲೆ ಕಾದ. ಹಾಗೆ ಕೂತಾಗಲೆಲ್ಲ ನಾನು ಒಂದು ಚಪ್ಪಾಳೆ ತಟ್ಟಿ "ಬೇಡ" ಎನ್ನುತ್ತಿದ್ದೆ. ಹೊಡೆಯಲಿಲ್ಲ. ಕೋಳಿಯ ಕಡೆ ಬೆನ್ನು ಹಾಕಿ ಮಲಗಿದರೆ ತಲೆ ಸವರುತ್ತಿದ್ದೆ.

ಎರಡನೆಯ ವಾರ, ನಾನು ಅಕ್ಕಿ ಆರಿಸುತ್ತಾ ಪಕ್ಕದಲ್ಲೇ ಕುಳಿತು, ಅರ್ಧ ಗಂಟೆ ಮಾತ್ರ ಕೋಳಿಗಳನ್ನು ಹೊರಗೆ ಬಿಟ್ಟೆ. ಕರಿಯ ಮೆಲ್ಲಗೆ ಬಂದ. ಮೂಗು ಚಾಚಿದ. ಗಂಗೆ ತನ್ನ ಮೊಂಡು ಕೊಕ್ಕಿನಲ್ಲೇ ಆ ಮೂಗಿನ ಮೇಲೆ ಒಂದು ಕೊಟ್ಟಳು ನೋಡಿ! ಅವನು ಒಂದೇ ನೆಗೆತಕ್ಕೆ ಒಗೆಯುವ ಕಲ್ಲಿನ ಮೇಲೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಂದಿನಿಂದ ಅವನು ಗಂಗೆಗೆ ದಾರಿ ಬಿಟ್ಟು ನಡೆಯುತ್ತಿದ್ದ.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಗೌರಿ ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಕೆದರಿ, ಅದರಲ್ಲೇ ಹೊರಳಾಡಿ ಮಣ್ಣಿನ ಸ್ನಾನ ಮಾಡಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತೆ ಮನೆಯವರನ್ನೆಲ್ಲ ಕೂಗಿ ಕರೆದು ತೋರಿಸಿದರು. ಜನವರಿಯ ಹೊತ್ತಿಗೆ ಕುತ್ತಿಗೆಯಲ್ಲಿ ಹೊಸ ಗರಿ, ಜುಟ್ಟಿನಲ್ಲಿ ಕೆಂಪು. ದಿನಕ್ಕೆ ಒಂದೆರಡು ಮೊಟ್ಟೆಯೂ ಬಂತು. ಎಲ್ಲ ಸರಿಹೋಯಿತು ಅಂದುಕೊಂಡೆ. ಅಲ್ಲೇ ನಾನು ಎಡವಿದ್ದು.

2024ರ ಜನವರಿಯಲ್ಲಿ ಒಂದು ರಾತ್ರಿ ಮದುವೆ ಮನೆಯಿಂದ ತಡವಾಗಿ ಬಂದೆವು. ಕೋಳಿಗಳು ತಾವಾಗಿಯೇ ಗೂಡು ಸೇರಿದ್ದವು. ಗೂಡಿನ ಬಾಗಿಲು ಎಳೆದೆ, ಚಿಲಕ ಹಾಕಲಿಲ್ಲ. ನಿದ್ದೆಗಣ್ಣು, ರೇಷ್ಮೆ ಸೀರೆ ಬೇರೆ. ಬೆಳಿಗ್ಗೆ ಏಳುವುದೂ ತಡವಾಯಿತು. ಏಳು ಗಂಟೆಗೆ ಹಿತ್ತಲ ಬಾಗಿಲು ತೆಗೆದರೆ ಅಂಗಳವೆಲ್ಲ ಗರಿ. ಭದ್ರೆ ಗೂಡಿನ ಮುಂದೆ ಸತ್ತು ಬಿದ್ದಿದ್ದಳು. ಎರಡು ಮಾರು ದೂರದಲ್ಲಿ ಕರಿಯ ಕೂತಿದ್ದ.

ಇನ್ನೇನು ಬೇಕು ಸಾಕ್ಷಿ? ಪೊರಕೆ ತೆಗೆದುಕೊಂಡು ಬೆನ್ನಿಗೆ ಎರಡು ಬಾರಿಸಿ ಓಡಿಸಿದೆ. ಎರಡು ದಿನ ಒಳಗೆ ಸೇರಿಸಲಿಲ್ಲ, ಹಾಲೂ ಹಾಕಲಿಲ್ಲ. ಮಗಳು ಅವನ ಮುಖ ನೋಡಲಿಲ್ಲ.

ಎರಡನೆಯ ದಿನ ಸಂಜೆ ಅತ್ತೆ ಯಾರಿಗೂ ಹೇಳದೆ ಅವನಿಗೆ ಅನ್ನ ಹಾಕಲು ಹೋದವರು ಒಳಗೆ ಬಂದು ನನ್ನನ್ನು ಕರೆದರು. "ಬಾರಮ್ಮ ಇಲ್ಲಿ. ಇವನ ಕಿವಿ ನೋಡು. ಕೋಳಿ ಕುಕ್ಕಿದ್ರೆ ಹೀಗೆ ಹರಿಯುತ್ತೇನೇ?" ನೋಡಿದೆ. ಒಂದು ಕಿವಿ ಸೀಳಿಹೋಗಿತ್ತು. ಕುತ್ತಿಗೆಯ ಮೇಲೆ ಹಲ್ಲಿನ ಗುರುತು. ಪೊರಕೆ ಎತ್ತುವಾಗ ಇದು ಯಾವುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಾರನೆಯ ಬೆಳಿಗ್ಗೆ, ಚೆನ್ನಾಗಿ ಬೆಳಕಾದ ಮೇಲೆ, ಕಾಂಪೌಂಡಿನ ಮೇಲಿಂದ ಇಳಿದು ನೇರ ಗೂಡಿನ ಬಳಿಗೆ ಬಂತು ಒಂದು ದೊಡ್ಡ ಮುಂಗುಸಿ. ರುಚಿ ಕಂಡದ್ದು ಮತ್ತೆ ಬಂದಿತ್ತು. ಅತ್ತೆ ಕೂಗಿದರು, ಅದು ಓಡಿಹೋಯಿತು. ನಾನು ಹಾಗೇ ಬಾಗಿಲಲ್ಲಿ ಕುಸಿದು ಕುಳಿತೆ.

ಮನೆಯವರ ಪ್ರಾಣ ಉಳಿಸಿದ ಮುಂಗುಸಿಯನ್ನು, ಬಾಯಿಯ ರಕ್ತ ನೋಡಿ ತಪ್ಪು ತಿಳಿದು ಕೊಂದ ಪಂಚತಂತ್ರದ ಕಥೆಯನ್ನು ನಾನೇ ಮಗಳಿಗೆ ಎಷ್ಟು ಸಲ ಹೇಳಿದ್ದೆ! ಆ ಕಥೆಯ ಹೆಂಗಸಿಗಿಂತ ನಾನೇನು ಹೆಚ್ಚು? ಆ ಬೆಳಿಗ್ಗೆ ಕರಿಯ ಕೋಳಿಯನ್ನು ಕಾಯಲು ಹೋಗಿ ಕಚ್ಚಿಸಿಕೊಂಡನೋ, ಸುಮ್ಮನೆ ನಡುವೆ ಸಿಕ್ಕಿಬಿದ್ದನೋ ದೇವರಿಗೇ ಗೊತ್ತು. ಭದ್ರೆಯನ್ನು ಕೊಂದವನು ಅವನಲ್ಲ, ಅಷ್ಟು ನಿಜ. ಮುಂಗುಸಿಯನ್ನೂ ದೂರಲಾರೆ, ಅದರ ಹೊಟ್ಟೆಪಾಡು ಅದು. ಚಿಲಕ ಹಾಕದವಳು ನಾನು.

ಕರಿಯನನ್ನು ಅಂದೇ ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟರು ಗಾಯ ತೊಳೆದು, ಹುಚ್ಚುನಾಯಿ ರೋಗದ ಚುಚ್ಚುಮದ್ದು ಕೊಟ್ಟು, "ಮುಂಗುಸಿ ಕಚ್ಚಿದ್ರೂ ಆ ರೋಗ ಬರಬಹುದಮ್ಮ, ಎರಡು ದಿನ ಯಾಕೆ ತಡ ಮಾಡಿದ್ರಿ?" ಎಂದರು. ಏನು ಉತ್ತರ ಹೇಳಲಿ? ಆ ಸಂಜೆ ಅರ್ಧ ಇಂಚಿನ ವೆಲ್ಡ್ ಮೆಶ್ ತರಿಸಿ ಗೂಡು ಬಿಗಿ ಮಾಡಿದೆವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ!

ನೀವು ಹಾಗೆ ಮಾಡಬಾರದೆಂದು, ನಾನು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕತ್ತರಿಸಿ ಇಟ್ಟುಕೊಳ್ಳಿ.

1. ಕೋಳಿ ತರುವ ಮೊದಲು ಗೂಡು ಸಿದ್ಧವಿರಲಿ. ಒಂದು ಕೋಳಿಗೆ ಎರಡು ಚದರಡಿಯಾದರೂ ಬೇಕು. ನೆಲಕ್ಕೆ ಭತ್ತದ ಹೊಟ್ಟು. ಮೂಳೆ ಮೆದುವಾಗಿರುವುದರಿಂದ ಕೂರುವ ಕೋಲು ಒಂದಡಿಗಿಂತ ಎತ್ತರ ಬೇಡ. ಒಂಟಿ ಕೋಳಿ ತರಬೇಡಿ, ಕೊರಗುತ್ತದೆ.

2. ಅವಕ್ಕೆ ಫಾರಂನ ಲೇಯರ್ ಮ್ಯಾಶ್ ಅಭ್ಯಾಸ. ತಟ್ಟನೆ ನಿಲ್ಲಿಸಬೇಡಿ. ದಿನಕ್ಕೆ ಒಂದು ಕೋಳಿಗೆ 100ರಿಂದ 120 ಗ್ರಾಂ ಸಾಕು. ನುಚ್ಚು, ರಾಗಿ, ಸೊಪ್ಪು ನಿಧಾನವಾಗಿ ಸೇರಿಸಿ. ಕಪ್ಪೆಚಿಪ್ಪಿನ ಪುಡಿ ಬೇರೆ ತಟ್ಟೆಯಲ್ಲಿಡಿ. ಬೂಸ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ಕೋಳಿಗೆ ವಿಷ. ಬೇಸಿಗೆಯಲ್ಲಿ ನೀರು ಎರಡರಷ್ಟು ಬೇಕು, ನೆರಳಲ್ಲಿಡಿ.

3. ಒಂದು ವಾರ ಬಲೆಯ ಆಚೆ ಈಚೆ. ಎರಡನೆಯ ವಾರ ನೀವು ಕುಳಿತಿರುವಾಗ ಮಾತ್ರ. ಆಮೇಲೂ ಮರಿಗಳಿದ್ದರೆ ಬೆಕ್ಕನ್ನು ನಂಬಬೇಡಿ.

4. ಬೆಕ್ಕಿನ ಹಲ್ಲು, ಉಗುರು ಒಂದಿಷ್ಟು ತಾಗಿದರೂ ಕೋಳಿಯನ್ನು ಡಾಕ್ಟರಿಗೆ ತೋರಿಸಿ. ಸಣ್ಣ ಗಾಯವೂ ಒಳಗೊಳಗೇ ನಂಜಾಗುತ್ತದೆ.

5. ಕಾಳು ಚೆಲ್ಲಿದ ಕಡೆ ಇಲಿ, ಹೆಗ್ಗಣ ಬರುತ್ತವೆ. ಇಲಿ ಪಾಷಾಣ ಮಾತ್ರ ಇಡಬೇಡಿ. ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕು ಸಾಯುತ್ತದೆ. ಸಂಜೆ ಉಳಿದ ಮೇವು ತೆಗೆದಿಡಿ.

6. ಬೆಕ್ಕಿಗೆ ವರ್ಷ ವರ್ಷ ಚುಚ್ಚುಮದ್ದು ಹಾಕಿಸಿ. ಕೋಳಿಗೆ ರಾಣಿಖೇತ್ ರೋಗದ ಲಸಿಕೆ, ಜಂತಿನ ಔಷಧಿಯನ್ನು ಡಾಕ್ಟರನ್ನು ಕೇಳಿ ಕೊಡಿ. ಕೋಳಿಗಳು ಇದ್ದಕ್ಕಿದ್ದಂತೆ ಒಂದರ ಹಿಂದೊಂದು ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಬೆಕ್ಕನ್ನು ಹತ್ತಿರ ಬಿಡಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರ ಬೆಕ್ಕಿಗೂ ತಗಲುತ್ತದೆ.

7. ಗೂಡು ಗುಡಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಬಸುರಿಯರು ಬೆಕ್ಕಿನ ಹೇಲು ಬಳಿಯುವ ಕೆಲಸ ಬೇರೆಯವರಿಗೆ ಬಿಡಿ.

8. ಕತ್ತಲಾಗುವ ಮುನ್ನ ಎಣಿಸಿ, ಚಿಲಕ ಹಾಕಿ. ಹಾಕಿದೆನೇ ಅಂತ ಅನುಮಾನ ಬಂದರೆ ಹಾಸಿಗೆಯಿಂದ ಎದ್ದು ಹೋಗಿ ನೋಡಿ.

ಇನ್ನೊಂದು ಮಾತು. ಇಂಥ ಕೋಳಿಗಳು ಹೆಚ್ಚು ವರ್ಷ ಇದ್ದೇ ಇರುತ್ತವೆ ಎಂದು ಮಗನಿಗೆ ಭರವಸೆ ಕೊಡಬೇಡಿ. ಮೊಟ್ಟೆಯಿಟ್ಟು ಇಟ್ಟು ಅವುಗಳ ಒಳಗು ಸವೆದಿರುತ್ತದೆ. ನಮ್ಮ ತುಂಗೆ 2025ರ ಮಳೆಗಾಲದಲ್ಲಿ ಹೊಟ್ಟೆಯಲ್ಲಿ ಮೊಟ್ಟೆಯ ತೊಂದರೆಯಾಗಿಯೇ ಹೋದಳು. ಗಂಗೆ, ಗೌರಿ ಇದ್ದಾರೆ. ಮೊಟ್ಟೆ ಪೂರ್ತಿ ನಿಂತಿದೆ.

ಪಕ್ಕದ ಮನೆಯವರು ಒಂದು ದಿನ ಬೇಲಿಯಾಚೆಯಿಂದ, "ಮೊಟ್ಟೆ ಇಡದ ಕೋಳಿಗೆ ಕಾಳು ಯಾಕ್ರೀ ದಂಡ?" ಎಂದು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆಯೇ ಹೇಳಿದರು: "ನಾನೂ ಹಿಟ್ಟು ತೊಳಸಿ ಎಷ್ಟು ವರ್ಷ ಆಯ್ತು ಕಣಮ್ಮ. ಆದ್ರೂ ನನ್ನ ಸೊಸೆ ಎರಡು ಹೊತ್ತೂ ತಟ್ಟೆ ಇಡ್ತಾಳೆ." ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಸೋದರಿ, ಕೋಳಿ ತನ್ನಿ. ಬೆಕ್ಕು ನಿಮ್ಮದೇ, ಅದಕ್ಕೆ ಕಲಿಸಬಹುದು. ಕೋಳಿ ತಾನಾಗಿಯೇ ಕಲಿಯುತ್ತದೆ. ಕಲಿಯಬೇಕಾದವರು ನಾವು. ನಾನಂತೂ ಈಗ ಎಷ್ಟೇ ಹೊತ್ತಾದರೂ, ಯಾವ ಸೀರೆಯಲ್ಲಿದ್ದರೂ, ಬ್ಯಾಟರಿ ಹಿಡಿದು ಹಿತ್ತಲಿಗೆ ಹೋಗಿ ಚಿಲಕ ಮುಟ್ಟಿ ನೋಡಿ ಬರುತ್ತೇನೆ. ಕಿವಿ ಸೀಳಿದ ಕರಿಯ ನನ್ನ ಜೊತೆಗೇ ಬರುತ್ತಾನೆ. ನನ್ನ ಮೇಲೆ ಅವನಿಗೆ ಸಿಟ್ಟಿದ್ದಂತೆ ಕಾಣುವುದಿಲ್ಲ. ಪೊರಕೆ ಕೈಗೆತ್ತಿಕೊಂಡಾಗ ಮಾತ್ರ ಇವತ್ತಿಗೂ ಎದ್ದು ದೂರ ಹೋಗುತ್ತಾನೆ.